ಕಂಬ ಇಲ್ಲದ ಕಂಪನಿ

ನಮ್ಮತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಅಂಗಡಿ ಇಲ್ಲ, ಬೋರ್ಡಿಲ್ಲ. ಇದ್ದದ್ದು ಫೋನಿನಲ್ಲಿ ಒಂದು ಸೋಶಿಯಲ್ ಮೀಡಿಯಾ ಪೇಜು. ಕಳೆದ ತಿಂಗಳು ಬೆಳಗ್ಗೆ ಎದ್ದು ನೋಡಿದರೆ ಅದೂ ಮಾಯ. ‘ನೀವು ನಮ್ಮ ಸಮುದಾಯದ ಮಾನದಂಡಗಳನ್ನು ಉಲ್ಲಂಘಿಸಿದ್ದೀರಿ’ ಅಂತ ಒಂದು ಸಾಲು. ಹಿಂದಿನ ದಿನ ಹಾಕಿದ್ದು ಎಣ್ಣೆಗಾಯಿ ಫೋಟೊ.

“ಅವರದು ಯಾವ ಸಮುದಾಯವಂತೆ? ಬದನೆಕಾಯಿ ತಿನ್ನಲ್ವಾ?” ಅಂತ ಕೇಳಿದರು ಅತ್ತಿಗೆ.

ಮನವಿ ಕಳಿಸಿದೆವು. ನಾಲ್ಕೇ ನಿಮಿಷಕ್ಕೆ ಉತ್ತರ: ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗುವುದಿಲ್ಲ. ಸರ್ಕಾರಿ ಕಚೇರಿಯಲ್ಲಾದರೆ ಅಷ್ಟರಲ್ಲಿ ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’ ಅನ್ನೋ ಮಾತೂ ಮುಗಿಯುತ್ತಿರಲಿಲ್ಲ.

ಇಂಥ ಕಂಪನಿಗಳನ್ನು ಕರೆಂಟು, ನೀರಿನವರ ಹಾಗೆ ನಿಯಮದ ಕೆಳಗೆ ತರಬೇಕು ಅಂದರೆ, ‘ನಾವು ಬರೀ ಆಪ್ ಕಣ್ರೀ’ ಅನ್ನೋ ಧಾಟಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಮಲಗಿಬಿಟ್ಟವು. ತಮ್ಮ ನೆಟ್‌ವರ್ಕಿನಲ್ಲಿ ತಾವೇ ಮಾಡಿಕೊಂಡ ಎಡವಟ್ಟು. ರಿಪೇರಿಗೆ ಹೋದ ಇಂಜಿನಿಯರುಗಳಿಗೆ ಒಳಗೆ ಕಾಲಿಡೋಕೇ ಹೊತ್ತು ಹಿಡಿಯಿತು. ಬೀಗದಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ‘ಕ್ಷಮಿಸಿ’ ಅನ್ನೋಕೆ ಎದುರುಮನೆ ಟ್ವಿಟರ್ ಜಗಲಿಗೆ ಹೋಗಬೇಕಾಯಿತು. ನಮ್ಮಲ್ಲಿ ಆಗ ರಾತ್ರಿ ಒಂಬತ್ತು ದಾಟಿತ್ತು. ಗುಡ್ ನೈಟ್ ಗುಲಾಬಿ ಕಳಿಸದೆ ಎಷ್ಟು ಜನಕ್ಕೆ ನಿದ್ದೆ ಬರಲಿಲ್ಲವೋ. ಬರೀ ಆಪ್, ಅಲ್ವಾ?

ಕರೆಂಟ್ ದರ ಏರಿಸಬೇಕಾದರೆ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕಬೇಕು. ವಿಚಾರಣೆ ನಡೆಯುತ್ತದೆ, ಜನ ಹೋಗಿ ತರಾಟೆಗೆ ತೆಗೆದುಕೊಳ್ಳಬಹುದು. ಆಮೇಲೂ ದರ ಏರುತ್ತದೆ, ಅದು ಬೇರೆ ಮಾತು. ಬೈದ ತೃಪ್ತಿಯಾದರೂ ಸಿಗುತ್ತದೆ. ವಾಟ್ಸಾಪ್ 2021ರಲ್ಲಿ ಪ್ರೈವೆಸಿ ಪಾಲಿಸಿ ಬದಲಿಸಿದಾಗ ನಮ್ಮ ಪಾಲಿಗೆ ಬಂದದ್ದು ಒಂದು ಬಟನ್: ಒಪ್ಪುತ್ತೇನೆ. ಆ ವಿಷಯಕ್ಕೆ ಮಾರುಕಟ್ಟೆಯ ಪೈಪೋಟಿ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ, ವಾಟ್ಸಾಪಿನ ಮಾಲೀಕ ಕಂಪನಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿದ್ದು 2024ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ನಾವು ಬಟನ್ ಒತ್ತಿದ್ದೇ ಮರೆತಿದ್ದೆವು.

ಹಾಗಂತ ಪೂರ್ತಿ ಸರ್ಕಾರದ ಕೈಗೇ ಕೊಟ್ಟರೆ? ಪೇಪರಿನ ಮೂಲೆಯಲ್ಲಿ ಪ್ರಕಟಣೆ ಈಗಲೇ ಕಾಣುತ್ತಿದೆ: ‘ತುರ್ತು ಕಾಮಗಾರಿ ನಿಮಿತ್ತ ನಾಳೆ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಕೆಳಕಂಡ ಬಡಾವಣೆಗಳಲ್ಲಿ ವಾಟ್ಸಾಪ್ ವ್ಯತ್ಯಯ. ಗ್ರಾಹಕರು ಸಹಕರಿಸಬೇಕು.’ ತಿಂಗಳಿಗೆ 200 ಫಾರ್ವರ್ಡ್ ಫ್ರೀ. 201 ಆಯಿತೋ, ಪೂರ್ತಿ ಬಿಲ್ಲು. ನಮ್ಮ ಮಾವನವರು ಬೆಳಗ್ಗೆ ಕಾಫಿಗೆ ಮುಂಚೆಯೇ ಮುಗಿಸುತ್ತಾರೆ.

ಮೊನ್ನೆ ಸಂಜೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಲೈನ್‌ಮನ್ ಬಂದು ಕಂಬ ಹತ್ತಿದ. ಅತ್ತಿಗೆ ಕೆಳಗೆ ನಿಂತು ಶುರು ಮಾಡಿದರು. ಕರೆಂಟಿನ ಸಿಟ್ಟು ಎರಡು ನಿಮಿಷಕ್ಕೆ ಮುಗಿಯಿತು. ಆಮೇಲೆ ಪೇಜು, ಎಣ್ಣೆಗಾಯಿ, ವಾಪಸ್ಸಾದ ಮೂವತ್ತು ರೊಟ್ಟಿ ಆರ್ಡರು, ಒಂದೊಂದೇ ಬಂತು. ಅವನು ಪೂರ್ತಿ ಕೇಳಿಸಿಕೊಂಡ. ಕಟಿಂಗ್ ಪ್ಲೇಯರ್ ಜೇಬಿಗೆ ಹಾಕಿಕೊಳ್ಳುತ್ತಾ ಮೇಲಿನಿಂದಲೇ ಹೇಳಿದ:

“ಅಕ್ಕಾ, ಅದು ನಮ್ ಸೆಕ್ಷನ್ನಿಗೆ ಬರಲ್ಲ.”