ಮುಂಗಡ ಕೊಡುವ ಮುನ್ನ ಬನ್ನಿ

ಹೋದ ತಿಂಗಳು ನಿವೃತ್ತ ಶಿಕ್ಷಕರೊಬ್ಬರು ಹೆಂಡತಿಯೊಂದಿಗೆ ನನ್ನ ಕಚೇರಿಗೆ ಬಂದಿದ್ದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಕೈಯಲ್ಲಿ ದಪ್ಪನೆಯ ಫೈಲು. ಒಂದೊಂದು ಕಾಗದವೂ ಪ್ಲಾಸ್ಟಿಕ್ ಹಾಳೆಯೊಳಗೆ, ಮೇಲೆ ಮೇಷ್ಟರ ದುಂಡಗಿನ ಅಕ್ಷರದಲ್ಲಿ ಚೀಟಿ: ಕ್ರಯಪತ್ರ, ಖಾತೆ, ಕಂದಾಯ ರಸೀದಿ, ಹದಿಮೂರು ವರ್ಷದ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ). ಆ ಇ.ಸಿ.ಯಲ್ಲಿ ಒಂದೇ ಒಂದು ನಮೂದಿಲ್ಲ. ಕೊನೆಯ ಹಾಳೆ ಮಾತ್ರ ಹೊಸದು, ನ್ಯಾಯಾಲಯದ ಸಮನ್ಸ್. ಮನೆ ಮಾರಿದವರ ತಂಗಿ ತನ್ನ ಅರ್ಧ ಪಾಲು ಕೇಳಿ ದಾವೆ ಹೂಡಿದ್ದರು.

“ಸರ್, ನಮ್ಮ ಹೆಸರಿಗೆ ನೋಂದಣಿ ಆಗಿ ಎರಡು ವರ್ಷವಾಯಿತು. ಖಾತೆಯೂ ಆಗಿದೆ. ಈಗ ಬಂದು ಕೇಳಿದರೆ ಹೇಗೆ?” ಎಂದರು ಮೇಷ್ಟರು. ಅವರ ಹೆಂಡತಿ ಏನೂ ಮಾತಾಡದೆ ಫೈಲಿನ ದಾರವನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದರು.

ಸಿವಿಲ್ ವಕೀಲನಾಗಿ ಈ ಪ್ರಶ್ನೆಯನ್ನು ನಾನು ಕೇಳುತ್ತಲೇ ಬಂದಿದ್ದೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಏಕೆಂದರೆ ಉತ್ತರ ಕಷ್ಟದ್ದಲ್ಲ, ಅದನ್ನು ಅವರಿಗೆ ಯಾರೂ ಸಮಯಕ್ಕೆ ಸರಿಯಾಗಿ ಹೇಳಿರುವುದಿಲ್ಲ ಅಷ್ಟೆ. ಮಾರುವವರಿಗೆ ಎಷ್ಟು ಹಕ್ಕಿದೆಯೋ ಅಷ್ಟೇ ಕೊಳ್ಳುವವರಿಗೆ ಬರುತ್ತದೆ. ಉಪನೋಂದಣಾಧಿಕಾರಿಯ ಮುಂದೆ ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಬಂದ ಮಾತ್ರಕ್ಕೆ ಆ ಹಕ್ಕು ಹೆಚ್ಚಾಗುವುದಿಲ್ಲ. ಖಾತೆ ಇರುವುದು ತೆರಿಗೆ ಯಾರಿಂದ ವಸೂಲು ಮಾಡಬೇಕೆಂದು ತಿಳಿಯಲು. ಖಾತೆಯಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ.

ಮೇಷ್ಟರ ಮನೆಯ ಕಥೆ ಇಷ್ಟು. ಮಾರಿದವರ ತಂದೆ ಸ್ವಂತ ಸಂಪಾದನೆಯಲ್ಲಿ ಕೊಂಡ ಮನೆ ಅದು. ಉಯಿಲು ಬರೆಯದೆ ತೀರಿಕೊಂಡರು. ತಾಯಿ ಮೊದಲೇ ಹೋಗಿದ್ದರು. ಉಳಿದವರು ಮಗ, ಮಗಳು ಇಬ್ಬರೇ. ಮಗ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಮಾರಿದರು. ತಂದೆಯ ಕ್ರಯಪತ್ರ ಮೂವತ್ತು ವರ್ಷ ಹಳೆಯದು, ಇವರು ತೆಗೆಸಿದ್ದು ಹದಿಮೂರು ವರ್ಷದ ಇ.ಸಿ. ಹಾಗಾಗಿ ಅದು ಖಾಲಿಯಾಗಿತ್ತು. ದಲ್ಲಾಳಿ ಅದನ್ನೇ ತೋರಿಸಿ “ಏನೂ ತಕರಾರಿಲ್ಲ” ಎಂದಿದ್ದರು.

“ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರ ಮೇಲಲ್ಲವೇ? ಆಕೆಯ ಮದುವೆ ಅದಕ್ಕೂ ಮೊದಲೇ ಆಗಿದೆ” ಎಂದು ಮೇಷ್ಟರು ಕೇಳಿದರು. ತುಂಬಾ ಜನ ಎಡವುವುದು ಇಲ್ಲಿಯೇ. 2005ರ ತಿದ್ದುಪಡಿ ಬಂದದ್ದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು ಕೊಡಲು. ಅದಕ್ಕೆ ತಂದೆ ತಿದ್ದುಪಡಿ ಜಾರಿಗೆ ಬಂದ ದಿನ ಬದುಕಿರಬೇಕಾಗಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ತಂದೆಯ ಸ್ವಯಾರ್ಜಿತ ಆಸ್ತಿಯ ಮಾತು ಬೇರೆ. ಅವರು ಉಯಿಲಿಲ್ಲದೆ ತೀರಿಕೊಂಡರೆ ಮಗಳಿಗೆ ಮಗನಷ್ಟೇ ಪಾಲು ಎಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿಯೇ ಇದೆ. ಮದುವೆಯಾದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹಾಗಾಗಿ ನಾನು ವಂಶವೃಕ್ಷ ಕೈಗೆ ಬಂದ ಕೂಡಲೇ ಮೊದಲು ಹುಡುಕುವುದು ಹೆಣ್ಣುಮಕ್ಕಳ ಹೆಸರನ್ನು. ಒಂದೂ ಕಾಣದಿದ್ದರೆ ಆ ಕುಟುಂಬವನ್ನು ಬಲ್ಲವರನ್ನು ವಿಚಾರಿಸಿಯೇ ಮುಂದಿನ ಹಾಳೆ ತಿರುವುತ್ತೇನೆ.

ಇ.ಸಿ. ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಉಯಿಲನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ, ಆದ್ದರಿಂದ ಅದು ಅಲ್ಲಿ ಕಾಣದೇ ಇರಬಹುದು. ನಡೆಯುತ್ತಿರುವ ದಾವೆಯೂ ಕಾಣದೇ ಇರಬಹುದು. ದಾವೆ ನಡೆಯುವಾಗ ಕೊಂಡವರಾದರೋ ಅದರ ತೀರ್ಪಿಗೆ ಬದ್ಧರು. “ನನಗೆ ಗೊತ್ತಿರಲಿಲ್ಲ” ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮೂಲಪತ್ರವನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲವೂ ಎಷ್ಟೋ ಸಲ ಇ.ಸಿ.ಗೆ ಬಂದಿರುವುದಿಲ್ಲ. ಅದಕ್ಕಾಗಿಯೇ ಮೂಲಪತ್ರವನ್ನು ಕಣ್ಣಾರೆ ನೋಡದೆ, ಜೆರಾಕ್ಸ್ ನಂಬಿ ಒಂದು ರೂಪಾಯಿಯನ್ನೂ ಕೊಡಬೇಡಿ ಎನ್ನುವುದು. ಬ್ಯಾಂಕುಗಳು ಅಡಮಾನದ ವಿವರ ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ದಾಖಲೆ ಇದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅಲ್ಲಿ ಹುಡುಕಬಹುದು.

ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮೇಲೆ ಮನೆ ಕೊಳ್ಳಬಹುದೇ ಎಂದು ಈಗಲೂ ಕೇಳುತ್ತಾರೆ. ಜಿಪಿಎ ಮತ್ತು ಕರಾರು ಎರಡೂ ಸೇರಿದರೂ ಮಾಲೀಕತ್ವ ವರ್ಗಾವಣೆ ಆಗುವುದಿಲ್ಲ, ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ. ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ರಕ್ಷಣೆ ಇದೆ: ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಮನೆ ಹೊಸದಿರಲಿ ಹಳೆಯದಿರಲಿ, ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ತೆರಿಗೆ ಕಡಿತ ಮಾಡಿ ಕಟ್ಟುವ ಹೊಣೆ ಕೊಳ್ಳುವವರದು.

ಮಾರುವವರ ಸಂಕಟವನ್ನು ಯಾರೂ ಬರೆಯುವುದಿಲ್ಲ. ದಾಖಲೆ ನೋಡಿ ಸುಲಭವಾಗಿ ಕಂಡುಹಿಡಿಯಲಾಗದ, ತಮಗೆ ಮಾತ್ರ ಗೊತ್ತಿರುವ ಹಕ್ಕಿನ ದೋಷವನ್ನು ಕೊಳ್ಳುವವರಿಗೆ ತಿಳಿಸುವುದು ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಮಾರುವವರ ಕರ್ತವ್ಯ. ಮುಚ್ಚಿಟ್ಟರೆ ಅದು ವಂಚನೆ. ಆದರೆ ಪ್ರಾಮಾಣಿಕರೂ ಕರಾರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮುಂಗಡ ಪಡೆದಿರುತ್ತಾರೆ, ಕ್ರಯ ಯಾವ ದಿನದೊಳಗೆ ಆಗಬೇಕೆಂದು ಬರೆದಿರುವುದೇ ಇಲ್ಲ. ದಿನಾಂಕ ಇದ್ದರೆ, ಕ್ರಯಪತ್ರ ಮಾಡಿಕೊಡಿ ಎಂದು ದಾವೆ ಹೂಡಲು ಆ ದಿನದಿಂದ ಮೂರು ವರ್ಷ. ಇಲ್ಲದಿದ್ದರೆ, ಮಾರುವವರು ನಿರಾಕರಿಸಿದರೆಂದು ಕೊಳ್ಳುವವರಿಗೆ ತಿಳಿದ ದಿನದಿಂದ ಮೂರು ವರ್ಷ. ಅಂದರೆ ಲೆಕ್ಕ ಶುರುವಾಗುವುದೇ ಯಾವಾಗಲೋ! ಮಗಳ ಓದಿಗೆಂದು ಮನೆ ಮಾರಲು ಹೊರಟ ಒಬ್ಬ ತಾಯಿ ಇಂಥ ಎರಡು ಪುಟದ ಕರಾರಿನಿಂದಾಗಿ ಮನೆಯನ್ನು ಮಾರಲೂ ಆಗದೆ, ಮುಂಗಡ ವಾಪಸು ಕೊಡಲೂ ಆಗದೆ ಒದ್ದಾಡಿದ್ದನ್ನು ನೋಡಿದ್ದೇನೆ. ಬಾಕಿ ಹಣ ಯಾವ ದಿನಕ್ಕೆ, ತಪ್ಪಿದರೆ ಏನು, ಮುಂಗಡದ ಗತಿ ಏನು, ಇಷ್ಟನ್ನು ಬರೆಸಿಕೊಳ್ಳಿ. ಸ್ವಾಧೀನವನ್ನಂತೂ ಪೂರ್ತಿ ಹಣ ಬರುವವರೆಗೆ ಬಿಟ್ಟುಕೊಡಬೇಡಿ.

ವಕೀಲರ ಬಳಿಗೆ ಜನ ಬರುವುದು ಕ್ರಯಪತ್ರದ ಹಿಂದಿನ ದಿನ, ಇಲ್ಲವೇ ಸಮನ್ಸ್ ಬಂದ ಮರುದಿನ. ಬರಬೇಕಾದದ್ದು ಮುಂಗಡ ಕೊಡುವ ಮೊದಲು. ಮುಂಗಡ ಕೊಟ್ಟ ಮೇಲೆ ನಾನು ದೋಷ ತೋರಿಸಿದರೂ “ಈಗೇನು ಮಾಡುವುದು, ಇಷ್ಟು ಕೊಟ್ಟುಬಿಟ್ಟಿದ್ದೇವೆ” ಎಂದು ಮುಂದೆಯೇ ಹೋಗುತ್ತಾರೆ. ಮೇಷ್ಟರು ಮೊದಲೇ ವಕೀಲರನ್ನು ಕಾಣದೆ ಹೋದದ್ದು ಖರ್ಚು ಉಳಿಸಲು ಅಲ್ಲ. ನೋಂದಣಿ ಕಚೇರಿಯಲ್ಲಿಯೇ ಎಲ್ಲವನ್ನೂ ಪರಿಶೀಲಿಸುತ್ತಾರೆಂದು ನಂಬಿದ್ದರು.

ಮೊದಲ ವಿಚಾರಣೆಯ ದಿನ ಆ ತಂಗಿ ನ್ಯಾಯಾಲಯದ ಪಡಸಾಲೆಯಲ್ಲಿ ತಾವಾಗಿಯೇ ಮೇಷ್ಟರ ಹತ್ತಿರ ಬಂದರು. “ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಸರ್. ಅಪ್ಪನ ಮನೆ ಮಾರಿದ ಸುದ್ದಿ ನನಗೆ ಬೇರೆಯವರಿಂದ ಗೊತ್ತಾಯಿತು. ಮಾರುವ ಮೊದಲು ಅಣ್ಣ ಒಂದು ಫೋನ್ ಮಾಡಲಿಲ್ಲ” ಎಂದರು. ರಾಜಿಯ ಮಾತು ಈಗ ನಡೆಯುತ್ತಿದೆ. ಆಕೆಯ ಪಾಲಿನ ಹಣವನ್ನು ಅಣ್ಣ ಕೊಡಬೇಕು. ಕೊಡದಿದ್ದರೆ ಮೇಷ್ಟರು ಅರ್ಧ ಮನೆಯನ್ನು ಎರಡನೆಯ ಸಲ ಕೊಳ್ಳಬೇಕಾಗುತ್ತದೆ.