ಚೊಲೋ ಐತಿ... ಆದ್ರ

ಇವತ್ತು ಬೆಳಗ್ಗೆ ಹಾಲು ತರೋಕೆ ಹೋಗಿದ್ದೆ. ಅರ್ಧ ಲೀಟರ್ ಪಾಕೀಟು ಕೈಗೆ ಕೊಡುತ್ತಾ ಹಾಲಿನವನೂ ಕೇಳಿಯೇಬಿಟ್ಟ: "ಸರ, ಕಟ್ಟಿಗಿ ಕೊಯ್ಯೋ ಮಷೀನು ತಗೊಂಡೀರಂತಲ್ಲ? ಯಾವ ಕಂಪನಿದು?"

ಕಳೆದ ಮೂರು ವಾರದಲ್ಲಿ ಈ ಪ್ರಶ್ನೆ ಕೇಳಿದಷ್ಟು ಜನ, ಹೋದ ವರ್ಷ ನಾನು ಆಪರೇಷನ್ ಮಾಡಿಸಿಕೊಂಡಾಗ ಹೇಗಿದ್ದೀರಿ ಅಂತ ಕೇಳಿರಲಿಲ್ಲ. ಹೇಳಲಿಲ್ಲ ನಾನು. ಹೇಳಿದರೆ ಅವನೂ "ಹೌದಾ?" ಅಂತ ಮುಖ ಸಣ್ಣದು ಮಾಡುತ್ತಾನೆ. ಹಾಲು ಒಡೆದ ಹಾಗೆ ನನ್ನ ಇಡೀ ದಿನ ಒಡೆಯುತ್ತದೆ.

ಇದೆಲ್ಲ ಶುರುವಾಗಿದ್ದು ಅಡ್ಡಮಳೆಯಿಂದ. ಮೇ ತಿಂಗಳಲ್ಲಿ ಧಾರವಾಡದ ಮಳೆ ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಧೂಳು, ಆಮೇಲೆ ಗಾಳಿ, ಆಮೇಲೆ ಯಾರದೋ ಮನೆಯ ತಗಡು, ಕೊನೆಗೆ ನಾಲ್ಕು ಹನಿ ನೀರು. ಕರೆಂಟು ಮಾತ್ರ ಇವೆಲ್ಲಕ್ಕಿಂತ ಮೊದಲೇ ಹೊರಟು ಹೋಗಿರುತ್ತದೆ. ಅಂಥ ಒಂದು ಸಂಜೆ ನಮ್ಮ ಮಾವಿನ ಮರದ ದೊಡ್ಡ ಕೊಂಬೆ ಲಟಕ್ಕನೆ ಮುರಿದು ಸರಿಯಾಗಿ ಗೇಟಿಗೆ ಅಡ್ಡ ಬಿತ್ತು. ಹಂಡೆಯಷ್ಟು ದಪ್ಪದ ಕೊಂಬೆ. ಸದ್ದಿಗೆ ಇಡೀ ಓಣಿ ಓಡಿ ಬಂತು. ಎಂಥಾ ಮಂದಿ ನಮ್ಮವರು ಅಂತ ನನಗೆ ಗಂಟಲು ಕಟ್ಟಿತು. ಕಣ್ಣೊರೆಸಿಕೊಂಡು ನೋಡಿದರೆ ಎಲ್ಲರ ಕೈಯಲ್ಲೂ ಚೀಲ. ನಮ್ಮದು ಆಪೂಸ್ ಅಲ್ಲ, ಹುಳಿ ಜವಾರಿ ಕಾಯಿ. ಅರ್ಧ ಗಂಟೆಯಲ್ಲಿ ಎಂಟು ಮನೆಯ ಉಪ್ಪಿನಕಾಯಿಗೆ ವ್ಯವಸ್ಥೆ ಆಯಿತು. ಕೊಂಬೆ ಮಾತ್ರ 19 ದಿನ ಅಲ್ಲೇ ಮಲಗಿತ್ತು.

ಮಷೀನು ತಂದು ಕೊಯ್ದುಕೊಡುವ ಒಬ್ಬರಿಗೆ ಫೋನ್ ಮಾಡಿದೆ. ಊರ ತುಂಬ ಮರ ಬಿದ್ದಾವ, ನಾಳೆ ಬರ್ತೀನಿ ಅಂದರು. ನಾಳೆ ಅನ್ನೋದು ಎಷ್ಟು ದೂರ ಅಂತ ನಿಮಗೂ ಅನುಭವ ಇರಬೇಕಲ್ವಾ? ನಾಲ್ಕು ನಾಳೆ ಕಾದೆ. ಸ್ಕೂಟರ್ ಒಳಗೆ, ನಾನು ಹೊರಗೆ. ಬಂದವರೆಲ್ಲ ಗುಡಿ ಹೊಕ್ಕ ಹಾಗೆ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದರು. ಐದನೇ ದಿನ ನನಗೆ ರೋಷ ಬಂತು. ಒಂದು ಚೈನ್ ಸಾ ನಾವೇ ತಗೊಂಡರೆ ಏನು ಗಂಟು ಹೋಗುತ್ತದೆ?

"ಒಂದು ಕೊಂಬಿಗೆ ಮಷೀನಾ?" ಅಂದಳು ಹೆಂಡತಿ. "ಹಂಗಾರ ಮಷೀನ್ ಸಲುವಾಗಿ ಒಂದು ಅಡವೀನೂ ತಗೊಂಬರ್ರಿ."

ತಗೊಳ್ಳೋದು ಕಷ್ಟವಲ್ಲ. ಆದರೆ ನಾನು ಒಂದು ತಪ್ಪು ಮಾಡಿದೆ. ಮೇಲಿನ ಮನೆ ಕಾಕಾರನ್ನು ಕೇಳಿದೆ.

ಕಾಕಾ ಜೀವಮಾನ ಎಲ್ಲ ಯಂತ್ರಗಳ ಜೊತೆ ದುಡಿದು ರಿಟೈರ್ ಆದವರು. ತಿಳಿದವರು. ಆದರೆ ಅವರದೊಂದು ಅಭ್ಯಾಸ ಇದೆ. ಯಾವ ವಸ್ತುವಿನ ಬಗ್ಗೆ ಕೇಳಿದರೂ ಮೊದಲು ಕನ್ನಡಕ ತೆಗೆಯುತ್ತಾರೆ. ಬನಿಯನ್ನಿನ ಅಂಚಿನಿಂದ ಒರೆಸುತ್ತಾರೆ. ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ "ಚೊಲೋ ಐತಿ..." ಅನ್ನುತ್ತಾರೆ. ನಮಗೆ ಜೀವ ಬಂದ ಹಾಗಾಗುತ್ತದೆ. ಆಗ "ಆದ್ರ..." ಅನ್ನುತ್ತಾರೆ. ಆ 'ಆದ್ರ'ದ ಮುಂದೆ ಏನೋ ಭಯಂಕರವಾದದ್ದು ಬರಲಿದೆ ಅಂತ ನಾವು ಉಸಿರು ಹಿಡಿದು ಕಾಯುತ್ತೇವೆ. ಕಾಕಾ ಎದ್ದು ನಿಲ್ಲುತ್ತಾರೆ. "ನಳದಾಗ ನೀರು ಬಂದಂಗ ಕಾಣ್ತೈತಿ, ಬಂದೆ" ಅಂತ ಹೋಗಿಬಿಡುತ್ತಾರೆ. ನಮ್ಮ ಓಣಿಗೆ ನೀರು ಯಾವಾಗ ಬರುತ್ತದೆ ಅಂತ ನೀರು ಬಿಡುವವರಿಗೂ ನೆಟ್ಟಗೆ ಗೊತ್ತಿಲ್ಲ. ಕಾಕಾರ 'ಆದ್ರ'ಕ್ಕೆ ಮಾತ್ರ ದಿನಾ ತಪ್ಪದೆ ಬರುತ್ತದೆ.

ಮೊದಲ 'ಆದ್ರ' ಕಾನೂನಿನದು. "ಮರ ಕಡಿಯಾಕ ಪರ್ಮಿಷನ್ ಬೇಕು, ಗೊತ್ತೈತಿಲ್ಲ? 1976ರಾಗನ ಮರ ಸಂರಕ್ಷಣಾ ಕಾಯಿದೆ ಬಂದೈತಿ."

"ಕಾಕಾ, ಮರ ನಾನು ಕಡೀತಿಲ್ಲ. ಗಾಳಿ ಕಡಿದು ಹೋಗಿದೆ."

"ಖರೇನ ಬಿಡ್ರಿ... ಆದ್ರ..."

ನೀರು ಬಂತು.

ಆ ರಾತ್ರಿ ಒಂದು ಗಂಟೆವರೆಗೆ ಫೋನು ಹಿಡಿದು ಕುಳಿತು ಓದಿದೆ. ಜರ್ಮನಿಯ ಸ್ಟೀಲ್ (Stihl) ಅನ್ನೋ ಹೆಸರಿನ ಕಂಪನಿ 1926ರದು. ಅವರ ಮೊದಲ ಮಷೀನು ಕರೆಂಟಿನದು, 40 ಕಿಲೋಗಿಂತ ಜಾಸ್ತಿ ಭಾರ. ಇಬ್ಬರು ಹಿಡಿಯಬೇಕಿತ್ತು. ಸ್ವೀಡನ್ನಿನ ಹಸ್ಕ್ವರ್ನಾ ಶುರುವಾಗಿದ್ದು 1689ರಲ್ಲಿ, ರಾಜನ ಸೈನ್ಯಕ್ಕೆ ಬಂದೂಕು ಮಾಡಲು. ನಮ್ಮ ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಹೊತ್ತು ಅದು. ಬಂದೂಕಾದ ಮೇಲೆ ಹೊಲಿಗೆ ಯಂತ್ರ, ಸೈಕಲ್ಲು, ಮೋಟರ್ ಸೈಕಲ್ಲು ಎಲ್ಲಾ ಮಾಡಿ, 1959ರಲ್ಲಿ ಮರ ಕೊಯ್ಯುವುದಕ್ಕೆ ಬಂದರು. ಜಪಾನಿನ ಮಕಿಟಾ 1915ರಿಂದ ಇದೆ. ಇದರ ಮೂಲ ಹುಡುಕುತ್ತಾ ಹೋದರೆ ಇನ್ನೊಂದು ವಿಷಯ ಸಿಕ್ಕಿತು. ಹಲ್ಲಿನ ಸರಪಳಿ ಇರುವ ಗರಗಸವನ್ನು ಮೊದಲು ಮಾಡಿದ್ದು ಮರಕ್ಕಲ್ಲವಂತೆ. 18ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಡಾಕ್ಟರುಗಳು ಕಷ್ಟದ ಹೆರಿಗೆಯಲ್ಲಿ ಎಲುಬು ಕೊಯ್ಯಲು ಮಾಡಿಕೊಂಡಿದ್ದು. ಬೆಳಗ್ಗೆ ಅವಲಕ್ಕಿ ತಿನ್ನುವಾಗ ಇದನ್ನು ಹೆಂಡತಿಗೆ ಹೇಳಿದೆ. ಅವಳು ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋದಳು.

ಮರುದಿನದಿಂದ ಕಾಕಾರ ಮುಂದೆ ಒಂದೊಂದೇ ಹೆಸರು ಇಟ್ಟೆ. ಜರ್ಮನಿಯದು ಅಂದರೆ "ಜರ್ಮನಿ ಮಾಲು, ಮಾತಾಡೂಹಂಗಿಲ್ಲ... ಆದ್ರ..." ಸ್ವೀಡನ್ನಿನದು ಅಂದರೆ "ಬಂದೂಕು ಮಾಡಿದ ಕೈ ಅದು... ಆದ್ರ..." ಬ್ಯಾಟರಿದು ಅಂದರೆ ಒಂದು ನಗು, ಆಮೇಲೆ "ಆದ್ರ". ಕರೆಂಟಿನದನ್ನು ನಾನೇ ಬಿಟ್ಟೆ. ಮಳೆಗೆ ಮರ ಬೀಳೋ ಊರಲ್ಲಿ, ಮಳೆ ಬಂದ ಕೂಡಲೇ ಕರೆಂಟು ಹೋಗೋ ಊರಲ್ಲಿ, ಕರೆಂಟಿನ ಗರಗಸ ಯಾರಿಗೆ ಬೇಕು?

ಹತ್ತು 'ಆದ್ರ' ಆದ ಮೇಲೆ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ.

ಅಂಗಡಿಯವರಿಗೆ ನನ್ನ ಓದು ತೋರಿಸೋಣ ಅಂತ, "ಇದನ್ನ ಜರ್ಮನ್ನರು ಶ್ಟೀಲ್ ಅಂತಾರೆ ಅಲ್ವಾ?" ಅಂದೆ. "ಹೌದ್ರಿ, ಚೈನು ಸುತ್ತೋ ಈ ಬಾರ್ ಪೂರ್ತಿ ಸ್ಟೀಲೇ, ತುಕ್ಕು ಬರೂದಿಲ್ಲ" ಅಂದರು. ನಾನು ಮತ್ತೆ ಬಾಯಿ ತೆಗೆಯಲಿಲ್ಲ. ಆದರೆ ಮನುಷ್ಯ ಪ್ರಾಮಾಣಿಕ. ಗೋಡೆಗೆ ಸಾಲಾಗಿ ಇಟ್ಟಿದ್ದ ಅಗ್ಗದ ಮಷೀನುಗಳ ಮೇಲೆ ಎಲ್ಲದಕ್ಕೂ 58 ಸಿಸಿ, 22 ಇಂಚು ಅಂತ ಸ್ಟಿಕರ್ ಇತ್ತು. ಪಕ್ಕದಲ್ಲಿ ಸುಮಾರು 32 ಸಿಸಿಯ ಹೆಸರಾಂತ ಮಷೀನು ಅದರ ಮೂರು ಪಟ್ಟು ದುಡ್ಡಿಗೆ ಕುಳಿತಿತ್ತು. ಸಿಸಿ ಜಾಸ್ತಿ ಇದ್ದದ್ದು ಅಗ್ಗ ಯಾಕೆ ಅಂತ ಕೇಳಿದೆ. "ಸ್ಟಿಕರಿಗೆ ಏನ್ರಿ, ನೂರಾ ಎಂಟು ಅಂತನೂ ಬರೀಬಹುದು. ಒಂದು ಮಾತು ಕೇಳ್ರಿ. ಕಂಪನಿ ಯಾವುದರ ಇರಲಿ. ಅದರ ಚೈನು, ಪ್ಲಗ್ಗು, ಎಳಿಯೋ ದಾರ ಇಲ್ಲೇ ಸಿಗ್ತಾವಿಲ್ಲೋ ನೋಡ್ರಿ. ಆನ್‌ಲೈನ್ ತಗೊಂಡ ಮಂದಿ ಇಲ್ಲಿ ಬಂದು ಅಳ್ತಾರ."

ಇಷ್ಟು ದಿನದಲ್ಲಿ 'ಆದ್ರ' ಇಲ್ಲದೆ ಮುಗಿದ ಮೊದಲ ವಾಕ್ಯ ಅದು. ಕೈ ಹಿಡಿದು ಕಣ್ಣಿಗೊತ್ತಿಕೊಳ್ಳೋಣ ಅನಿಸಿತು. ಪೆಟ್ರೋಲಿಂದು, 16 ಇಂಚಿನ ಬಾರಿಂದು ಒಂದು ತಗೊಂಡೆ. ಯಾವ ಕಂಪನಿ ಅಂತ ನೀವೂ ಕೇಳಬೇಡಿ.

ಬಸ್ಸಿನಲ್ಲಿ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಪಕ್ಕದವರು ಉಣಕಲ್‌ವರೆಗೆ ಸುಮ್ನೆ ಇದ್ದರು. ಆಮೇಲೆ "ಮಿಕ್ಸರ್ ಏನ್ರಿ?" ಅಂದರು. ಗರಗಸ ಅಂದೆ. ಸ್ವಲ್ಪ ಸರಿದು ಕುಳಿತರು. ನವಲೂರು ದಾಟಿದ ಮೇಲೆ ತಡೆಯಲಾಗದೆ, "ಯಾವ ಕಂಪನಿದು?"

ಭಾನುವಾರ ಬೆಳಗ್ಗೆ ಓಣಿಯಲ್ಲಿ ಜಾತ್ರೆ. ಹೆಂಡತಿಯ ಹಠಕ್ಕೆ ನಾನು ಸ್ಕೂಟರ್ ಹೆಲ್ಮೆಟ್ಟು, ತಂಪು ಕನ್ನಡಕ, ಮಗನ ಹಳೇ ಬೂಟು ಹಾಕಿಕೊಂಡಿದ್ದೆ. ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂ ಸ್ಟ್ರೋಕ್ ಆಯಿಲ್ ಅಂತ ಪುಸ್ತಕ ಹೇಳುತ್ತಿತ್ತು. ಕಾಕಾ "ಅಷ್ಟಕ್ಕ ಏನಾಕ್ಕೈತಿ" ಅಂತ ಬಾಟಲಿ ಬಗ್ಗಿಸಲು ಬಂದರು. ಕೈ ಹಿಡಿದೆ. ದಾರ ಎಳೆದೆ. ಪುರ್ರ್ ಅಂದು ಸುಮ್ಮನಾಯಿತು. ಮೂವತ್ತು ಸಲ ಎಳೆದೆ. ಓಣಿಯ ಪ್ರತಿಯೊಬ್ಬ ಗಂಡಸೂ ಐದೈದು ಸಲ ಎಳೆದ. ಒಬ್ಬರು ಚೋಕ್ ಪೂರ್ತಿ ಎಳಿ ಅಂದರು, ಒಬ್ಬರು ಅರ್ಧ ಅಂದರು. ಕೊನೆಗೆ ಕಾಕಾ ಎಲ್ಲರನ್ನೂ ಸರಿಸಿ ಮುಂದೆ ಬಂದರು. ಲುಂಗಿ ಕಟ್ಟಿದರು. ಮಷೀನನ್ನು ಎರಡೂ ಕೈಯಲ್ಲಿ ಹಿಡಿದು, 28 ವರ್ಷ ತಮ್ಮ ಹಳೇ ಸ್ಕೂಟರನ್ನು ಬಾಗಿಸಿದ ಹಾಗೆ, ನಿಧಾನಕ್ಕೆ ಎಡಕ್ಕೆ ಬಾಗಿಸಿದರು. ಹಾಗೇ ಹಿಡಿದು ಮನಸ್ಸಿನಲ್ಲೇ ಹತ್ತು ಎಣಿಸಿದರು. ನೆಟ್ಟಗೆ ಮಾಡಿದರು. ಬಲಗಾಲು ತಾನಾಗಿಯೇ ಕಿಕ್ ಹುಡುಕುತ್ತಿತ್ತು. ಯಾರೂ ನಗಲಿಲ್ಲ. ನಲವತ್ತು ದಾಟಿದವರೆಲ್ಲ ಆ ಬಾಗುವಿಕೆಯನ್ನು ಗೌರವದಿಂದ ನೋಡುತ್ತಿದ್ದರು.

ಆಮೇಲೆ ಎಲ್ಲರೂ ಚಹಾಕ್ಕೆ ಹೋದರು. ಒಳಗೆ ತುಂಬಿದ್ದ ಪೆಟ್ರೋಲ್ ಆರಿತು ಅಂತ ಕಾಣುತ್ತದೆ. ಹತ್ತು ನಿಮಿಷ ಬಿಟ್ಟು ನಾನು ಒಬ್ಬನೇ ಎಳೆದರೆ ಒಂದೇ ಸಲಕ್ಕೆ ಶುರುವಾಯಿತು. ಕಾಕಾ ಮೇಲಿನಿಂದಲೇ ಕೂಗಿದರು: "ನಾ ಬಾಗಿಸಿದ್ದಕ್ಕ!"

ಕೊಂಬೆಯ ಮೇಲೆ ಇಟ್ಟೆ. ಗದ್ದಲವೋ ಗದ್ದಲ. ಹೊಗೆಯೋ ಹೊಗೆ. ಎರಡು ನಿಮಿಷ ಆದರೂ ಅರ್ಧ ಇಂಚು ಇಳಿದಿರಲಿಲ್ಲ. ಮರ ಸುಟ್ಟ ವಾಸನೆ. ಕೊಂಬೆಗೆ ಒಳ್ಳೇ ಕರಿ ಪಾಲಿಶ್ ಬಂದಿತ್ತು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೆಲ್ಲ ಒಳಗೊಳಗೇ ಎಷ್ಟು ಸಂತೋಷ ಆಯಿತು ಅಂತ ನನಗೆ ಹೆಲ್ಮೆಟ್ಟಿನ ಒಳಗಿಂದಲೇ ಕಂಡಿತು. "ಕಂಪನಿ ಚೊಲೋ ಇಲ್ಲ." "ನಾ ಆವಾಗೇ ಹೇಳಿದ್ದೆ." ಯಾರೂ ಆವಾಗೇ ಹೇಳಿರಲಿಲ್ಲ. ಕಾಕಾ ಕನ್ನಡಕ ತೆಗೆದು ಒರೆಸಿದರು. ಆಗ ನಾನು ಒಳಗೆ ಹೋಗಿ ಮಲಗಿದೆ.

ಸಂಜೆ ಗೇಟಿನ ಹತ್ತಿರ ಬೈಕು ನಿಂತ ಸದ್ದು. ನಾಳೆ ಬರ್ತೀನಿ ಅಂದಿದ್ದ ಆ ಪುಣ್ಯಾತ್ಮ. ಕರಿ ಪಾಲಿಶ್ ನೋಡಿದ, ನನ್ನ ಮಷೀನು ನೋಡಿದ, ಕೆಳಗೆ ಕುಳಿತು ನಕ್ಕ. "ಸಾಹೇಬ್ರ, ಬನೀನ ಉಲ್ಟಾ ಹಾಕ್ಕೊಂಡೀರಲ್ಲ." ಚೈನು ತಿರುಗುಮುರುಗು ಹಾಕಿದ್ದೆ. ಬಾರಿನ ಮೇಲ್ಭಾಗದಲ್ಲಿ ಹಲ್ಲುಗಳ ಹರಿತ ಮೂತಿಯ ಕಡೆ ಮುಖ ಮಾಡಿರಬೇಕು. ನನ್ನವು ನನ್ನ ಕಡೆ ನೋಡುತ್ತಿದ್ದವು. ಈ ಹಲ್ಲಿನ ಕಥೆ ನಾನೇ ಓದಿದ್ದೆ ಮತ್ತೆ! ಅಮೆರಿಕದಲ್ಲಿ ಜೋಸೆಫ್ ಕಾಕ್ಸ್ ಅನ್ನೋ ಮರ ಕಡಿಯುವವನು 1946ರಲ್ಲಿ ಒಂದು ಹುಳ ಎಡಕ್ಕೂ ಬಲಕ್ಕೂ ಕೊರೆಯುತ್ತಾ ಮರ ತಿನ್ನುವುದನ್ನು ನೋಡಿ ಈಗಿನ ಚೈನಿನ ಹಲ್ಲು ಮಾಡಿದನಂತೆ. ಆ ಹುಳಕ್ಕೆ ತಿಳಿದ ದಿಕ್ಕು ನನಗೆ ತಿಳಿಯಲಿಲ್ಲ.

ಅವನು ಐದು ನಿಮಿಷದಲ್ಲಿ ಬಿಚ್ಚಿ ತಿರುಗಿಸಿ ಹಾಕಿದ. ಸುಟ್ಟು ಮೊಂಡಾಗಿದ್ದ ಹಲ್ಲಿಗೆ ತನ್ನ ಅರ ತೆಗೆದು ಎರಡೆರಡು ಸಲ ಉಜ್ಜಿದ. "ಚಕ್ಕಿ ಹಾರಿದ್ರ ಕೊಯ್ಕೋತ ಹೋಗ್ರಿ. ಹಿಟ್ಟಿನಂಥ ಪುಡಿ ಬಂತಂದ್ರ ನಿಂತು ಅರ ಹಚ್ರಿ. ಅಷ್ಟ ಐತಿ." ಅವನ ಸ್ವಂತ ಮಷೀನು ನೋಡಿದೆ. ಸ್ಟಿಕರ್ ಪೂರ್ತಿ ಅಳಿಸಿ ಹೋಗಿತ್ತು. ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದ್ದ. ನನ್ನ ಬಾಯಿಂದ ತಾನಾಗಿಯೇ ಬಂತು: "ಯಾವ ಕಂಪನಿದು?"

"ಯಾರಿಗ್ಗೊತ್ರಿ. ಆರು ವರ್ಷ ಆತು, ಕೊಯ್ಯಾಕತ್ತೈತಿ."

ನಾನು ಸಣ್ಣವನಿದ್ದಾಗ ರೋಹಿಣಿ ಮಳೆಗೆ ಮುಂಚೆ ಒಬ್ಬ ಮುದುಕ ಹೆಗಲ ಮೇಲೆ ಕೊಡ್ಲಿ ಇಟ್ಟುಕೊಂಡು ಇದೇ ಓಣಿಗೆ ಬರುತ್ತಿದ್ದ. "ಕಟ್ಟಿಗಿ ಒಡಸ್ತೀರೇನ್ರೀ..." ಅಂತ ಕೂಗು. ಅಪ್ಪ ಅಡ್ಡೆಯಿಂದ ಚಕ್ಕಡಿ ತುಂಬ ಬೊಡ್ಡೆ ತರಿಸಿರುತ್ತಿದ್ದರು, ಬಚ್ಚಲ ಒಲೆಗೆ. ಆ ಮುದುಕ ಮೊದಲು ಬೊಡ್ಡೆಯನ್ನು ಅಂಗೈಯಿಂದ ತಟ್ಟಿ ನೋಡುತ್ತಿದ್ದ. ಒಂದೇ ಏಟಿಗೆ ಸೀಳುತ್ತಿದ್ದ. ಸೀಳಿದ ಹಸಿ ಬೇವಿನ ವಾಸನೆ ಮಧ್ಯಾಹ್ನವಿಡೀ ಅಂಗಳದಲ್ಲಿ ಇರುತ್ತಿತ್ತು. ಬಿಸಿನೀರು, ಹೊಗೆ, ಅಪ್ಪನ ಕೆಮ್ಮು. ಈ ಮಾವಿನ ಮರ ಅಪ್ಪ ಹಚ್ಚಿದ್ದು.

ಕೊಂಬೆ ಮುಕ್ಕಾಲು ಗಂಟೆಯಲ್ಲಿ ತುಂಡಾಯಿತು. ಅರ್ಧ ಅವನು ಕೊಯ್ದ, ಅರ್ಧ ನಾನು. ಚಕ್ಕೆ ಹಾರುತ್ತಿತ್ತು. ಈಗ ಬೇರೆ ಪಂಚಾಯಿತಿ. 41 ತುಂಡು ಕಟ್ಟಿಗೆ ಇಟ್ಟುಕೊಂಡು ಏನು ಮಾಡೋದು? ಮನೆಯಲ್ಲಿ ಸೋಲಾರ್ ಇದೆ. ಓಣಿಯಲ್ಲಿ ಕೇಳಿದೆ. ಕಾಯಿಗೆ ಚೀಲ ತಂದವರು ಕಟ್ಟಿಗೆಗೆ ಒಬ್ಬರೂ ಬರಲಿಲ್ಲ. ಗೋಡೆಗೆ ಹಚ್ಚಿ ಒಟ್ಟಿದ್ದೇನೆ.

ನಿನ್ನೆ ನಾಲ್ಕು ಹುಡುಗರು ಬಂದು ಅದನ್ನು ಎಣಿಸುತ್ತಿದ್ದರು. ಏನ್ರೋ ಅಂದೆ. "ಅಂಕಲ್, ಇವನ್ನ ಹೋಳಿ ಮಟಾ ಇಟ್ಟಿರ್ತೀರಿಲ್ಲ? ಕಾಮಣ್ಣಗ ಬೇಕು."

ಹೋಳಿಗೆ ಇನ್ನೂ ಒಂಬತ್ತು ತಿಂಗಳಿದೆ. ಅದಿರಲಿ, ಕಾಮಣ್ಣನ ಕುಳ್ಳು ಕಟ್ಟಿಗೆಯನ್ನು ಯಾರಾದರೂ ಕೇಳಿ ಒಯ್ಯುತ್ತಾರಾ? ನಮ್ಮ ಕಾಲದಲ್ಲಿ ಇದೇ ಕಾಂಪೌಂಡು ಹಾರಿ, ಕಾಕಾರ ಮನೆಯ ಮುರುಕು ಬಾಗಿಲನ್ನೇ ಕದ್ದು ಹಾಕಿದ್ದೆವು. ಬೈಯೋಣ ಅಂದುಕೊಂಡೆ. "ಹೂಂ, ಒಯ್ಯುವಿರಂತೆ" ಅಂದೆ.

ಮೇಲಿನಿಂದ ಕಾಕಾ ಬಗ್ಗಿ ನೋಡಿದರು. ಕನ್ನಡಕ ಕೈಯಲ್ಲಿತ್ತು.

"ಮಾವಿನ ಕಟ್ಟಿಗಿ, ಕಾಮಣ್ಣಗ ಭಾಳ ಚೊಲೋ... ಆದ್ರ..."

ಹುಡುಗರು ನಾಲ್ವರೂ ಕತ್ತೆತ್ತಿ ಕಾಯುತ್ತಾ ನಿಂತರು. ಪಾಪ, ಹೊಸಬರು. ನಾನು ಗೇಟು ಹಾಕಿಕೊಂಡು ಒಳಗೆ ಬಂದೆ.