ಲೇಪಾಕ್ಷಿ ಚಿತ್ರಗಳು ಎಲೆರಸದಲ್ಲಿ ಬರೆದವೇ?

ಹಿಂದೂಪುರ, ಮಡಕಶಿರಾ ಕಡೆಯ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿರುವ ಸಂದೇಶ: "ಲೇಪಾಕ್ಷಿ ವೀರಭದ್ರ ಗುಡಿಯ ಚಾವಣಿ ಚಿತ್ರಗಳು ಬರೀ ಎಲೆ, ಹೂವಿನ ರಸದವು; ಎಂದೂ ಮಾಸುವುದಿಲ್ಲ."

ಎರಡೂ ಮಾತು ತಪ್ಪು. 16ನೇ ಶತಮಾನದ ಈ ವಿಜಯನಗರ ಚಿತ್ರಗಳ ಮುಖ್ಯ ಬಣ್ಣಗಳು ಖನಿಜಮೂಲದವು: ಕೆಮ್ಮಣ್ಣು, ಹಳದಿ ಮಣ್ಣು, ಸುಣ್ಣದ ಬಿಳಿ. ಕಪ್ಪಿಗೆ ಇಂಗಾಲ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್, ಅಂದರೆ ಆಗಲೇ ತುಕ್ಕು ಹಿಡಿದದ್ದು. ಬಿಸಿಲು, ಗಾಳಿ ಅದನ್ನು ಇನ್ನೇನು ಕೆಡಿಸೀತು?

ಸಸ್ಯರಸಕ್ಕೆ ಚಿತ್ರದ ಅಡಿಗೆ ಬಳಿಯುವ ಹಸಿ ಸುಣ್ಣದ ಗಾರೆಯೇ ಶತ್ರು. ಮನೆಯಲ್ಲೇ ನೋಡಬಹುದು: ಚಿಟಿಕೆ ಅರಿಸಿನಕ್ಕೆ ಸುಣ್ಣದ ತಿಳಿನೀರು ಹಾಕಿ. ಕ್ಷಣದಲ್ಲಿ ಕೆಂಪಾಗುತ್ತದೆ, ಆರತಿಯ ಓಕುಳಿಯಂತೆ. ಎಲೆಹಸಿರಂತೂ ಬೆಳಕಿಗೇ ಕಂದುತ್ತದೆ.

ಗಾರೆಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಈ ಪದರ ಉಳಿದರಷ್ಟೇ ಚಿತ್ರ ಉಳಿದೀತು. ಚಾವಣಿಯಿಂದ ನೀರು ಜಿನುಗಿದರೆ ಜೊತೆಗೆ ಲವಣ ಬರುತ್ತದೆ. ನೀರು ಆರಿದಾಗ ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ಚಕ್ಕೆಯಾಗಿ ಎಬ್ಬಿಸುತ್ತದೆ. ಲೇಪಾಕ್ಷಿಯಲ್ಲೂ ಅನೇಕ ಭಾಗ ಮಾಸಿವೆ, ಉದುರಿವೆ. ಒದ್ದೆ ಬಟ್ಟೆಯಿಂದ ಒರೆಸುವ ಭಕ್ತಿ ಮಾತ್ರ ಬೇಡ. ಸಡಿಲವಾದ ಬಣ್ಣ ಬಟ್ಟೆಗೇ ಅಂಟಿ ಬರುತ್ತದೆ.